ಮೂವತ್ತೇಳು ಇಂಚಿನ ಮರ

ಹಿತ್ತಲ ಮರ ಒರಗಿದ್ದು ಮನೆಯ ಹಿಂಗೋಡೆಗೆ. ಆ ಗೋಡೆಯ ಒಳಮಗ್ಗುಲಿಗೆ ಟೈಲರನ ತಾಯಿಯ ಮಂಚ. ಆ ದಿನ ಬೆಳಿಗ್ಗೆ ಮುದುಕಿಯ ದಿಂಬಿನ ಮೇಲೆ ಗಾರೆಯ ಪುಡಿ ಉದುರಿತ್ತು. ಟೈಲರ್ ಗೋಡೆಯ ಬಿರುಕಿಗೆ ಕತ್ತರಿ ತೂರಿಸಿ ನೋಡಿದ, ಹಿಡಿಯವರೆಗೂ ಹೋಯಿತು.

“ಮಳೆಗಾಲಕ್ಕೆ ಮುಂಚೆ ಮರ ಕಡಿಸು, ಇಲ್ಲ ನನ್ನ ಮಂಚ ಬೀದಿಗೆ ಹಾಕು,” ಎಂದರು ತಾಯಿ. “ಬೀದೀಲಿ ಸತ್ರೆ ನಾಲ್ಕು ಜನ ನೋಡೋಕಾದ್ರೂ ಬರ್ತಾರೆ.”

ಟೈಲರನಿಗೆ ಬೀದಿಯವರು ಇಟ್ಟ ಹೆಸರು ‘ಎರಡಿಂಚು’. ಬಟ್ಟೆ ನೆನೆದರೆ ಕುಗ್ಗುತ್ತದೆ, ಮನುಷ್ಯ ಉಂಡರೆ ಹಿಗ್ಗುತ್ತಾನೆ ಎಂಬುದು ಅವನ ಮೂವತ್ತು ವರ್ಷದ ವೇದಾಂತ. ಅವನು ಹೊಲಿದ ಅಂಗಿ ತೊಟ್ಟವರು ಅಣ್ಣನ ಅಂಗಿ ಕದ್ದವರಂತೆ ಕಾಣುತ್ತಿದ್ದರು. ಆದರೆ ಯಾರ ಹೊಲಿಗೆಯೂ ಬಿಚ್ಚಿದ್ದಿಲ್ಲ.

ಕೊಡಲಿ ಹಿಡಿದು ಹಿತ್ತಲಿಗಿಳಿದವನನ್ನು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನಾಚೆಯಿಂದ ತಡೆದರು. “ನಿನ್ನ ಹಿತ್ತಲು, ನಿನ್ನ ಮರ, ಎಲ್ಲ ನಿಜ. ಆದ್ರೆ ಕಡಿಯೋಕೆ ಪರವಾನಗಿ ಬೇಕಪ್ಪ.” ಇನ್ನೊಬ್ಬರು ಪಾಲಿಸಬೇಕಾದ ನಿಯಮವೆಂದರೆ ಮೇಷ್ಟ್ರಿಗೆ ಎಲ್ಲಿಲ್ಲದ ಹುರುಪು.

ಪರವಾನಗಿ ಕೊಡುವ ಕಚೇರಿಯ ಗುಮಾಸ್ತ ತಲೆ ಎತ್ತದೆ ಅರ್ಜಿ ತಳ್ಳಿ, ಎದೆಮಟ್ಟದಲ್ಲಿ ಮರದ ಸುತ್ತಳತೆ ಬರೆದು ತರಲು ಹೇಳಿದ. ಎರಡಿಂಚು ಮನೆಗೆ ಓಡಿದ. ಕೊರಳಲ್ಲಿದ್ದ ಟೇಪು ತೆಗೆದು ಮರದ ಎದೆಗೆ ಸುತ್ತಿ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲಿನಿಂದ ಮೂವತ್ತೇಳು ಎಂದು ಬರೆದುಕೊಂಡು ಮತ್ತೆ ಓಡಿದ. ಗುಮಾಸ್ತ ಅದನ್ನು ರಿಜಿಸ್ಟರಿಗೆ ಏರಿಸಿ ಮುದ್ರೆ ಒತ್ತಿದ. ಮರ ಮೂರಡಿ ದಾಟಿದೆಯಾದ್ದರಿಂದ ಎರಡು ಕಡೆಯ ನೆರೆಯವರ ಸಹಿ ಬೇಕು, ಸಂಜೆ ಅಳತೆ ನೋಡಲು ಇನ್‌ಸ್ಪೆಕ್ಟರ್ ಬರುತ್ತಾರೆ ಎಂದ.

ಮೇಷ್ಟ್ರ ಮಧ್ಯಾಹ್ನದ ಕುರ್ಚಿ ಆ ಮರದ ನೆರಳಲ್ಲೇ ಬೀಳುತ್ತಿತ್ತು. ಬದಲಿಗೆ ಒಂದು ಕ್ಯಾನ್ವಾಸ್ ಚಪ್ಪರ ಹೊಲಿದುಕೊಡುವ ಮಾತು ಪಡೆದೇ ಅವರು ಪೆನ್ನಿನ ಮುಚ್ಚಳ ತೆಗೆದದ್ದು. ಇನ್ನೊಂದು ಪಕ್ಕದ ನರ್ಸಮ್ಮ ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಅದೇ ಮರಕ್ಕಿತ್ತು. ಆಕೆಗೆ ಕಬ್ಬಿಣದ ಕಂಬ ನೆಡಿಸಿಕೊಡುವುದಾಗಿ ಒಪ್ಪಿಕೊಂಡದ್ದಾಯಿತು.

ಸಂಜೆ ಇನ್‌ಸ್ಪೆಕ್ಟರ್ ಬಂದರು. ನಾಡಿ ಹಿಡಿಯುವ ವೈದ್ಯರ ಗಾಂಭೀರ್ಯದಿಂದ ಮರಕ್ಕೆ ಉಕ್ಕಿನ ಟೇಪು ಸುತ್ತಿದರು. ಮೂರು ಸಲ ಸುತ್ತಿದರು.

“ಮೂವತ್ತೈದು ಬರ್ತಿದೆ. ಅರ್ಜೀಲಿ ಮೂವತ್ತೇಳು ಅಂತಿದೆಯಲ್ಲ?”

ಟೈಲರನ ಕೈ ತಾನಾಗಿ ಕೊರಳ ಟೇಪಿಗೆ ಹೋಯಿತು. “ಅಭ್ಯಾಸ ಸಾರ್. ಲೂಸ್ ಬಿಟ್ಟಿದ್ದೆ.”

“ಮರಕ್ಕಾ?”

“ಬೆಳೆಯೋ ಮೈ ಅಲ್ವಾ ಸಾರ್.”

ಕಾಂಪೌಂಡಿನಾಚೆ ಮೇಷ್ಟ್ರು ಕತ್ತು ಉದ್ದ ಮಾಡಿದರು.

“ಮೂರಡಿ ಒಳಗಿನ ಮರಕ್ಕೆ ಪರವಾನಗೀನೇ ಬೇಡ,” ಎಂದರು ಇನ್‌ಸ್ಪೆಕ್ಟರ್. “ನೀವು ಆಫೀಸಿಗೆ ಬರದೆ ಇದ್ದಿದ್ರೆ ಇಷ್ಟೊತ್ತಿಗೆ ಸೌದೆ ಆಗಿರೋದು.”

“ಹಾಗಾದ್ರೆ ಕೊಡಲಿ ತಗೊಳ್ಳೋ,” ಎಂದಿತು ಕಿಟಕಿಯೊಳಗಿನ ಮುದಿ ದನಿ.

ಇನ್‌ಸ್ಪೆಕ್ಟರ್ ಕೈ ಎತ್ತಿ ತಡೆದರು. ರಿಜಿಸ್ಟರಿಗೆ ಏರಿದ ಮರವನ್ನು ಫೈಲು ಮುಗಿಯುವ ತನಕ ಮುಟ್ಟುವಂತಿಲ್ಲ. ಪರವಾನಗಿ ಕೊಡೋಣವೆಂದರೆ ಮರ ಮೂರಡಿ ಮುಟ್ಟಿಲ್ಲ. ಅರ್ಜಿ ತಿರಸ್ಕರಿಸೋಣವೆಂದರೆ ಸುಳ್ಳು ಅಳತೆ ಎಂದು ಕಾರಣ ಬರೆಯಬೇಕು. ಹಾಗೆ ಬರೆಸಿಕೊಂಡವನು ಆಮೇಲೆ ಸ್ವಂತ ಹಿತ್ತಲಲ್ಲಿ ಟೊಂಗೆ ಕೂಡ ಕಡಿಯುವಂತಿಲ್ಲ.

“ಮತ್ತೆ ನಾನೇನು ಮಾಡ್ಲಿ ಸಾರ್?”

ಇನ್‌ಸ್ಪೆಕ್ಟರ್ ಮೆದು ಮನಸ್ಸಿನವರು. ಉಕ್ಕಿನ ಟೇಪು ಮಡಿಸಿ ಜೇಬಿಗಿಟ್ಟರು.

“ಫೈಲು ತೆರೆದೇ ಇಟ್ಟಿರ್ತೀನಿ. ಇನ್ನೆರಡೇ ಇಂಚು ತಾನೆ? ಚೆನ್ನಾಗಿ ಬೆಳೆಸಿ.”

ಕತ್ತಲಾಗುವ ಮೊದಲೇ ಮುದುಕಿಯ ಮಂಚ ಅಂಗಡಿಯೊಳಗೆ, ಹೊಲಿಗೆ ಯಂತ್ರದ ಪಕ್ಕಕ್ಕೆ ಬಂತು. ಎರಡಿಂಚು ಮರದ ಬುಡಕ್ಕೆ ಪಾತಿ ಕಟ್ಟಿ ಎರಡು ಕೊಡ ನೀರು ಹೊಯ್ದ. ಆಮೇಲೆ ಟೇಪು ಸುತ್ತಿ ನೋಡಿದ. ಮೂವತ್ತೈದು. ಹಾಗೆಯೇ ಬರೆದುಕೊಂಡ, ಮೂವತ್ತು ವರ್ಷದಲ್ಲಿ ಮೊದಲ ಸಲ, ಏನೂ ಸೇರಿಸದೆ.

“ಗೊಬ್ಬರಾನೂ ಹಾಕಪ್ಪ,” ಎಂದರು ಮೇಷ್ಟ್ರು, ಕುರ್ಚಿಯನ್ನು ಕೊಂಬೆಯ ಕೆಳಗೆ ಎಳೆದುಕೊಳ್ಳುತ್ತ. “ಹಾಗಂತ ನನ್ನ ಚಪ್ಪರ ಮರೀಬೇಡ.”