ಕೆರೆ ಅಳೆದವನು ಕಡಲು ದಾಟಿದ್ದು

ನೀರಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ನಂಬಿಕೆ ಮೊನ್ನೆಮೊನ್ನೆಯವರೆಗೂ ಇತ್ತು. ಕುಣಿಗಲ್ ಕೆರೆಯ ತೂಬಿನ ಪಕ್ಕ ನೆಟ್ಟಿರುವ ಅಳತೆಪಟ್ಟಿಯನ್ನು ದಿನಾ ಬೆಳಿಗ್ಗೆ ನೋಡಿ, ನೀರು ಎಷ್ಟಿದೆ ಎಂದು ರಿಜಿಸ್ಟರಿನಲ್ಲಿ ಬರೆಯುವುದೇ ನನ್ನ ನೌಕರಿ. ನಿವೃತ್ತನಾಗುವವರೆಗೆ ಅದನ್ನೇ ಮಾಡಿದೆ. ಕೆರೆ ತುಂಬುವುದನ್ನು ಕಂಡಿದ್ದೇನೆ, ಬತ್ತುವುದನ್ನು ಕಂಡಿದ್ದೇನೆ, ಕೋಡಿ ಬಿದ್ದ ದಿನ ಸಾಹೇಬರಿಗೇ ಫೋನು ಮಾಡಿ ಸುದ್ದಿ ಕೊಟ್ಟಿದ್ದೇನೆ. ನೀರು ನನ್ನ ಕೈಕೆಳಗೆ ಕೆಲಸ ಮಾಡುತ್ತಿದೆ ಎಂದೇ ತಿಳಿದಿದ್ದೆ!

ನಿವೃತ್ತಿಯಾದ ಮೇಲೆ ಇತಿಹಾಸದ ಹುಚ್ಚು ಹಿಡಿಯಿತು. ತುಮಕೂರಿನಲ್ಲಿ ನನ್ನಂಥ ಕೆಲಸವಿಲ್ಲದವರದ್ದೊಂದು ಗುಂಪಿದೆ. ಭಾನುವಾರ ಸೇರಿ ವೀರಗಲ್ಲು, ಶಾಸನ, ಪಾಳುಕೋಟೆ ಎಂದೆಲ್ಲ ವಾದ ಮಾಡಿ, ಇಡ್ಲಿ ತಿಂದು ಚದುರುತ್ತೇವೆ. ಒಂದು ಭಾನುವಾರ ಯಾರೋ ಮಂಗಳೂರು ಕಡೆಯ ಒಂದು ಹಳೆಯ ಬಂದರಿನ ಫೋಟೋ ತೋರಿಸಿದರು. ದಡದಲ್ಲಿ ಮೆಣಸು ತುಂಬಿಡುತ್ತಿದ್ದ ಬಂಡಸಾಲೆಗಳು, ಕಡಲಿನೊಳಗೆ ಒಂದು ಬಂಡೆಗುಡ್ಡ, ಅದರ ನೆತ್ತಿಯ ಮೇಲೆ ಮುರಿದ ಕಾವಲುಗೋಪುರ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ಇನ್ನೊಮ್ಮೆ ಮುಖ ತೋರಿಸುವ ಆಸೆ ಇದೆ.

ಹೊರಟವರು ನಾನು, ನನ್ನ ಹೆಂಡತಿ ಸರೋಜ, ಮತ್ತು ಅವಳ ತಾಯಿ. ಅತ್ತೆ ಚೇಳೂರಿನ ಕಡೆಯವರು. ಎಪ್ಪತ್ನಾಲ್ಕು ವರ್ಷವಾದರೂ ಕಡಲು ಕಂಡಿರಲಿಲ್ಲ. ಸರೋಜ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ಅವ್ವಂಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ್ ಅರ್ಧ ಗಂಟೆ ಒಳ್ಗೆ ಊಟ ಆಗ್ಲೇಬೇಕು. ತಪ್ಪಿದ್ರೆ ಸಕ್ಕರೆ ಪೂರ್ತಿ ಇಳ್ದು ತಲೆ ಸುತ್ತಿ ಬಿದ್ದೋಗ್ತಾರೆ. ಹೋದ್ಸಲ ಆಸ್ಪತ್ರೆಗೆ ಸೇರ್ಸಿದ್ದು ನೆನಪೈತೆ ತಾನೆ?"

"ಟೈಮಿನ ವಿಷ್ಯ ನಂಗೆ ಹೇಳ್ತೀಯಾ? ದಿನಾ ಏಳು ಗಂಟೆಗೆ ಗೇಜ್ ನೋಡಿದೋನು ನಾನು" ಅಂದೆ.

ಆ ಊರು ತಲುಪಿ ಲಾಡ್ಜಿನಲ್ಲಿ ಉಳಿದ ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ನಾವು ಮರಳಿನ ಮೇಲೆ ನಿಂತಿದ್ದೆವು. ಬಂಡಸಾಲೆಗಳ ಬಾಗಿಲಿಗೆ ಬೀಗ. ಆದರೆ ಬಂಡೆಗುಡ್ಡ ಎದುರಿಗೇ ಇತ್ತು. ನಡುವೆ ಸುಮಾರು ಇನ್ನೂರು ಹೆಜ್ಜೆ ದೂರ, ಮೊಣಕಾಲಿಗೂ ಬಾರದ ನೀರು. ನೋಡಿದ ಕೂಡಲೇ ನನ್ನೊಳಗಿನ ನೌಕರ ಎದ್ದು ಕುಳಿತ. ಒಂದು ಕಡ್ಡಿ ಹುಡುಕಿ, ಬೆರಳಿನಿಂದ ಅಳತೆ ಹಾಕಿ, ಪೆನ್ನಿನಲ್ಲಿ ಗೆರೆ ಎಳೆದು ನೀರಿನಂಚಿನಲ್ಲಿ ನೆಟ್ಟೆ. ಅರ್ಧ ಗಂಟೆ ಕಾದೆ. ನೀರು ನಾಲ್ಕು ಬೆರಳು ಇಳಿದಿತ್ತು.

"ನೋಡಿದ್ರಾ ಅತ್ತೆ? ಅರ್ಧ ಗಂಟೆಗೆ ನಾಲ್ಕು ಬೆಳ್ಳು. ಇದೇ ಲೆಕ್ಕದಲ್ಲಿ ಹೋದ್ರೆ ಸಾಯಂಕಾಲಕ್ಕೆ ನೆಲ ಒಣ್ಗಿರುತ್ತೆ."

ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ದೋಣಿಯವರೊಬ್ಬರು ತಲೆಯೆತ್ತಿದರು. "ಹೋಗುದಾದ್ರೆ ಬೇಗ ವಾಪಸ್ ಬನ್ನಿ ಮಾರಾಯ್ರೆ. ನೀರು ತಿರುಗ್ತದೆ."

ಎಳೆಯ ಮಗುವನ್ನು ನೋಡುವಂತೆ ಅವರನ್ನು ನೋಡಿ ನಕ್ಕೆ. ನಮ್ಮ ಕೆರೆಯಲ್ಲಿ ಇಳಿಯಲು ತೊಡಗಿದ ನೀರು ಮತ್ತೆ ಏರಬೇಕಾದರೆ ಮುಂಗಾರೇ ಬರಬೇಕು. ಉಬ್ಬರ, ಇಳಿತ ಎಂದು ಶಾಲೆಯಲ್ಲಿ ಓದಿದ್ದು ನಿಜ. ಆದರೆ ಅದು ಹುಣ್ಣಿಮೆಗೊಮ್ಮೆ ನಡೆಯುವ ವಿಶೇಷ ಕಾರ್ಯಕ್ರಮ ಎಂದುಕೊಂಡಿದ್ದೆ. ದಿನಕ್ಕೆ ಎರಡು ಸಲ ಎಂದು ಯಾರಿಗೆ ಗೊತ್ತು?

ಸರೋಜ ಸೀರೆ ಒದ್ದೆಯಾಗುತ್ತದೆ ಎಂದು ಊಟದ ಡಬ್ಬಿ ಹಿಡಿದು ದಡದಲ್ಲೇ ಕುಳಿತಳು. ಅತ್ತೆ ಮಾತ್ರ ಸೀರೆ ಎತ್ತಿ ಕಟ್ಟಿ ನನ್ನ ಕೈ ಹಿಡಿದು ಹೊರಟೇಬಿಟ್ಟರು. ಕೆರೆ ಅಂಗಳದಲ್ಲಿ ನಡೆದಷ್ಟು ಸಲೀಸಾಗಿ ಗುಡ್ಡ ಸೇರಿದೆವು.

ಗುಡ್ಡದ ಮೇಲೆ ನಾನು ನಾನಾಗಿರಲಿಲ್ಲ. ಕೆಂಪು ಮುರಕಲ್ಲಿನ ಗೋಡೆ ತಟ್ಟಿ ತೋರಿಸಿದೆ. ಕಾವಲಿನವರು ಹಡಗು ಕಂಡಾಗ ಬೆಂಕಿ ಹಚ್ಚುತ್ತಿದ್ದ ಜಾಗ ಇದೇ ಇರಬೇಕು ಎಂದು ತೀರ್ಪು ಕೊಟ್ಟೆ. ನಟ್ಟನಡುವೆ ತೂತಿದ್ದ ಒಂದು ದಪ್ಪ ಕಲ್ಲನ್ನು ಕಂಡು, ಇದು ತೂಬಿನ ಕಲ್ಲು, ಹಿಂದೆ ಇಲ್ಲೊಂದು ಕೆರೆ ಇದ್ದಿರಲೇಬೇಕು ಎಂದು ಸಾಧಿಸಿದೆ. ಅದು ಹಗ್ಗ ಕಟ್ಟಿ ನೀರಿಗೆ ಬಿಡುತ್ತಿದ್ದ ಹಳೇ ಲಂಗರು ಎಂದು ಆಮೇಲೆ ಗೊತ್ತಾಯಿತು.

"ಕಡಲಿನ್ ಮಧ್ಯದಾಗೆ ಕೆರೆ ಯಾಕೆ ಕಟ್ಟಿಸ್ತಾರೆ ಅಳಿಯಂದ್ರೆ?" ಎಂದು ಅತ್ತೆ ಕೇಳಿದರು. ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಉತ್ತರ ಮುಗಿಯುವ ಹೊತ್ತಿಗೆ ಹನ್ನೆರಡು ಗಂಟೆ.

ಅತ್ತೆ ಸೊಂಟದ ಚೀಲದಿಂದ ಮಾತ್ರೆ ತೆಗೆದರು. "ಈಗ್ಲೇ ನುಂಗ್ಲಾ? ಇಲ್ಲ ಆ ಕಡೀಕ್ ಹೋದ್ಮೇಲೆ ನುಂಗ್ಲಾ?"

"ನುಂಗಿ ಅತ್ತೆ. ಹತ್ತು ನಿಮಿಷಕ್ಕೆ ದಡದಲ್ಲಿರ್ತೀವಿ."

ನುಂಗಿದರು. ಅದೇ ಸಮಯಕ್ಕೆ ಫೋನು ಬಂತು. ಸರೋಜ.

"ರೀ, ನಿಮ್ ಕಡ್ಡಿ ಕಾಣ್ತಿಲ್ಲ."

"ಯಾವ ಕಡ್ಡಿ?"

"ನೀವ್ ನೆಟ್ಟಿದ್ ಕಡ್ಡಿ ಕಣ್ರೀ. ಮುಳ್ಗೋಯ್ತು."

ಓಡಿಹೋಗಿ ಇಣುಕಿದೆ. ನಾವು ನಡೆದು ಬಂದ ದಾರಿಯೇ ಇರಲಿಲ್ಲ. ನೀರು ಎರಡೂ ಕಡೆಯಿಂದ ನುಗ್ಗಿ ನಡುವೆ ಡಿಕ್ಕಿ ಹೊಡೆಯುತ್ತಿತ್ತು. ಇಳಿದು ನೋಡೋಣ ಎಂದು ಒಂದು ಹೆಜ್ಜೆ ಇಟ್ಟೆ. ತೊಡೆಯವರೆಗೆ ನೀರು, ಕಾಲ ಕೆಳಗಿನ ಮರಳು ಜಾರಿತು, ಚಪ್ಪಲಿಯೊಂದು ನನ್ನ ಅಪ್ಪಣೆ ಕೇಳದೆ ಹೊರಟುಹೋಯಿತು. ಬಂಡೆ ತಬ್ಬಿಕೊಂಡು ಮೇಲೆ ಬಂದೆ. ನಿಜವಾಗಿ ಹೆದರಿಕೆಯಾಯಿತು. ನನಗಾಗಿ ಅಲ್ಲ, ಆ ಮಾತ್ರೆ ಅತ್ತೆಯ ಹೊಟ್ಟೆ ಸೇರಿ ಆಗಿತ್ತು.

ಸರೋಜ ದೋಣಿಯವರ ಹತ್ತಿರ ಓಡಿದ್ದು ಕಾಣಿಸಿತು. ಮತ್ತೆ ಫೋನು.

"ದೋಣಿ ಈಗ್ಲೇ ಬರಾಕಾಗಲ್ವಂತೆ. ನಡುವೆ ಬಂಡೆ ಐತಂತೆ, ತಳ ಹೊಡ್ಯುತ್ತಂತೆ. ನೀರು ಇನ್ನೂ ಏರ್ಬೇಕಂತೆ."

"ಇನ್ನೂ ಏರ್ಬೇಕಾ?"

"ಹೂಂ. ಮುಕ್ಕಾಲು ಗಂಟೆ ಅಂತವ್ರೆ. ಅವ್ವ ಮಾತ್ರೆ ತಗಂಡಿಲ್ಲ ತಾನೆ?"

"ಹತ್ತು ನಿಮಿಷದ ಲೆಕ್ಕ ಹಾಕಿದ್ದೆ ಕಣೇ" ಅಂದೆ. ಅವಳಿಗೆ ಅರ್ಥವಾಯಿತು. ದಡದಲ್ಲಿ ಊಟದ ಡಬ್ಬಿ ಎದೆಗವಚಿಕೊಂಡು ನಿಂತ ಅವಳ ಆಕಾರವನ್ನು ನೋಡಲಾಗದೆ ತಿರುಗಿ ಕುಳಿತೆ. ನೀರು ನೋಡಿದ ಇಷ್ಟು ವರ್ಷಗಳಲ್ಲಿ ಅದು ಬೇಗ ಏರಲಿ ಎಂದೂ, ಏರದಿರಲಿ ಎಂದೂ ಒಟ್ಟಿಗೇ ಬೇಡಿಕೊಂಡದ್ದು ಅದೇ ಮೊದಲು.

ಹನ್ನೆರಡೂವರೆಯಾಯಿತು. ಅತ್ತೆ ಮಾತು ಕಡಿಮೆ ಮಾಡಿದರು. ಹಣೆಯಲ್ಲಿ ಬೆವರು. ಕೈ ಹಿಡಿದೆ, ನಡುಗುತ್ತಿತ್ತು.

"ಅತ್ತೆ, ಹೆಂಗಿದೀರಾ?"

"ಕಣ್ ಮಂಜಾಯ್ತದೆ ಕಣಪ್ಪಾ. ನೀವ್ ಹೆದ್ರಬೇಡಿ."

ಇಲ್ಲಿ ಒಂದು ವಿಷಯ ಹೇಳದೆ ಗತಿಯಿಲ್ಲ. ಸಕ್ಕರೆ ಕಾಯಿಲೆ ನನಗೂ ಇದೆ. ಮನೆಯಲ್ಲಿ ಸಿಹಿ ನನಗೆ ನಿಷಿದ್ಧ. ಹಿಂದಿನ ವರ್ಷ ಸರೋಜ ನನ್ನಿಂದ ದೇವರ ಮುಂದೆ ಆಣೆ ಮಾಡಿಸಿಕೊಂಡಿದ್ದಳು. ಆದರೆ ಅಂದು ಬೆಳಿಗ್ಗೆ, ಹಲ್ಲುಜ್ಜುವ ಪುಡಿ ತರುತ್ತೇನೆಂದು ಲಾಡ್ಜಿನಿಂದ ಹೊರಗೆ ಹೋದವನು ಗೋಧಿ ಹಲ್ವ ಕಟ್ಟಿಸಿಕೊಂಡು ಬಂದಿದ್ದೆ. ಪೊಟ್ಟಣ ಒಳಜೇಬಿನಲ್ಲಿತ್ತು. ಮಧ್ಯಾಹ್ನ ಎಲ್ಲಾದರೂ ಮರೆಯಲ್ಲಿ ನಿಂತು, ಪಾಳುಗೋಡೆ ಪರೀಕ್ಷಿಸುವ ನೆಪದಲ್ಲಿ ಮುಗಿಸುವ ಯೋಜನೆ.

ಕೈ ಜೇಬಿಗೆ ಹೋಯಿತು, ನಿಂತಿತು. ಹೇಳಲು ನಾಚಿಕೆಯಾಗುತ್ತದೆ. ಹೆಣ್ಣು ಕೊಟ್ಟ ಅತ್ತೆ ಬೆವರುತ್ತಾ ಕುಳಿತಿರುವಾಗ, ಸರೋಜಳಿಗೆ ಗೊತ್ತಾದರೆ ಏನು ಗತಿ ಎಂದು ನಾನು ಯೋಚಿಸಿದೆ. ಒಂದೇ ಕ್ಷಣ. ಆದರೆ ಯೋಚಿಸಿದೆ!

ಪೊಟ್ಟಣ ಬಿಚ್ಚಿ ಅತ್ತೆಯ ಬಾಯಿಗಿಟ್ಟೆ. ತುಪ್ಪ ಗದ್ದದವರೆಗೆ ಇಳಿಯಿತು. ಎರಡು ತುಂಡು, ಮೂರು ತುಂಡು. ಹತ್ತು ನಿಮಿಷ ಅವರ ಮುಖವನ್ನೇ ನೋಡುತ್ತಾ ಕುಳಿತೆ. ನಡುಕ ನಿಧಾನವಾಗಿ ನಿಂತಿತು. ಅತ್ತೆ ತುಟಿ ಒರೆಸಿಕೊಂಡು, ಪೊಟ್ಟಣದಲ್ಲಿ ಇನ್ನೂ ಎಷ್ಟಿದೆ ಎಂದು ನೋಡಿ, ಆಮೇಲೆ ನನ್ನನ್ನು ನೋಡಿದರು.

"ಇದೆಲ್ಲಿತ್ತು ಅಳಿಯಂದ್ರೆ?"

"ಮುಂಜಾಗ್ರತೆಗೆ ಅಂತ ಇಟ್ಕಂಡಿದ್ದೆ ಅತ್ತೆ. ನಿಮ್ಗೋಸ್ಕರ."

ಅತ್ತೆ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡರು. ಸುಳ್ಳು ಹೇಳುವವರನ್ನು ಅವರು ಎಪ್ಪತ್ನಾಲ್ಕು ವರ್ಷದಿಂದ ನೋಡುತ್ತಾ ಬಂದಿದ್ದಾರೆ.

ನೀರು ಸಾಕಷ್ಟು ಏರಿತು. ದೋಣಿ ಬಂತು. ಬಲೆ ಹೊಲಿಯುತ್ತಿದ್ದವರೇ ಬಂದಿದ್ದರು. ಅತ್ತೆಯನ್ನು ಮಗುವಿನ ಹಾಗೆ ಎತ್ತಿ ಒಳಗೆ ಕೂರಿಸಿದರು. ನನ್ನನ್ನು ಯಾರೂ ಎತ್ತಲಿಲ್ಲ. ನಾನೇ ಹತ್ತಲು ಹೋಗಿ ಅರ್ಧ ದೋಣಿಯಲ್ಲಿ, ಅರ್ಧ ಕಡಲಿನಲ್ಲಿ ನೇತಾಡಿದೆ. ಆಮೇಲೆ ಅಂಗಿಯ ಕೊರಳುಪಟ್ಟಿ ಹಿಡಿದು ಎಳೆದುಕೊಂಡರು.

ದಡದಲ್ಲಿ ಸರೋಜ ಮೊದಲು ತಾಯಿಯನ್ನು ತಬ್ಬಿಕೊಂಡಳು. ಆಮೇಲೆ ಅವರ ಗದ್ದದ ಮೇಲಿನ ತುಪ್ಪವನ್ನು ಸೆರಗಿನಿಂದ ಒರೆಸಿ, ಮೂಸಿ ನೋಡಿದಳು. ಆಮೇಲೆ ನನ್ನ ಒಳಜೇಬಿನ ಮೇಲಿನ ಜಿಡ್ಡುಕಲೆ ನೋಡಿದಳು. ಊಟದ ಡಬ್ಬಿ ಎತ್ತಿಕೊಂಡು ಮರದ ಕಡೆ ನಡೆದಳು. ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

ಮರದಡಿ ಕುಳಿತು ಚಪಾತಿಯ ಡಬ್ಬಿ ಬಿಚ್ಚಿದೆವು. ದೋಣಿಯವರನ್ನೂ ಕೂರಿಸಿದೆವು. ಅವರು ನನ್ನ ಒಂದೇ ಚಪ್ಪಲಿಯನ್ನು ಸ್ವಲ್ಪ ಹೊತ್ತು ನೋಡಿ, ಅತ್ತೆಯನ್ನು ಕೇಳಿದರು.

"ನಿಮ್ಮ ಅಳಿಯ ಎಂತ ಕೆಲಸದಲ್ಲಿದ್ದದ್ದು ಅಮ್ಮ?"

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅತ್ತೆ ನಿಧಾನವಾಗಿ ಚಪಾತಿ ಮುರಿದು, ಪಲ್ಯಕ್ಕೆ ಅದ್ದಿ, ಬಾಯಿಗಿಟ್ಟು, ಅಗಿದು ನುಂಗಿದರು.

"ಏನೂ ಇಲ್ಲ ಕಣಪ್ಪ" ಅಂದರು. "ಮನೇಲೇ ಇರ್ತಾರೆ."

ನಾನೂ ಹೌದೆಂದು ತಲೆಯಾಡಿಸಿದೆ.