ನೂರಾ ಹತ್ತೊಂಬತ್ತನೇ ಬಣ್ಣ

ಭಾನುವಾರ ಬೆಳಿಗ್ಗೆ ಇಡ್ಲಿ ತಿಂದು ಕೈ ತೊಳೆಯುವ ಮೊದಲೇ ಪ್ರಸನ್ನಕುಮಾರನಿಗೆ ಹೆಂಡತಿಯಿಂದ ಫೋನು ಬಂತು. ಅವನಿದ್ದದ್ದು ಚನ್ನರಾಯಪಟ್ಟಣದ ತನ್ನ ಮನೆಯ ಅಡುಗೆಮನೆಯಲ್ಲಿ. ದಾರಕ್ಕೆ ಬಣ್ಣ ಕಟ್ಟಿ ಬಟ್ಟೆ ನೇಯುವ ಹೆಂಡತಿ ಯಶಸ್ವಿನಿ ಮೂರು ವಾರದಿಂದ ಇದ್ದದ್ದು ಉಜ್ಬೆಕಿಸ್ತಾನದ ಮರ್ಗಿಲಾನ್ ಎಂಬ ಊರಿನಲ್ಲಿ, ಕುದಿಯುವ ಬಣ್ಣದ ಹಂಡೆಯ ಪಕ್ಕದಲ್ಲಿ.

"ರೀ, ನನ್ನ ಮೇಜಿನ ಡ್ರಾಯರ್‌ನಲ್ಲಿ ಶೇಡ್ ಕಾರ್ಡ್ ಇದೆ. ನೂರೈವತ್ತು ಬಣ್ಣದ ದಾರದ ತುಣುಕು ಅಂಟಿಸಿ ನಂಬರ್ ಹಾಕಿರೋದು. ಅಂಥದ್ದೇ ಇನ್ನೊಂದು ನನ್ನ ಹತ್ರ ಇದೆ. ಒಂದು ಕೆಂದೆಂಗಿನ ಎಳನೀರು ತಗೊಳ್ಳಿ. ತೊಟ್ಟಿನ ಕೆಳಗೆ ಹಸಿರು ಹೋಗಿ ಕೆಂಪು ಶುರುವಾಗುತ್ತಲ್ಲ, ಆ ಜಾಗಕ್ಕೆ ಕಾರ್ಡ್ ಹಿಡಿದು, ಯಾವ ನಂಬರ್ ಸೇರುತ್ತೆ ಹೇಳಿ."

"ಫೋಟೋ ತೆಗೆದು ಕಳಿಸ್ಲಾ?"

"ಫೋಟೋ ನಂಬೋ ಹಾಗಿಲ್ಲ. ನೀವೇ ಬಿಸಿಲಲ್ಲಿ ನೋಡಿ. ಸಂಜೆ ನಾಲ್ಕಕ್ಕೆ ಇಲ್ಲಿಯ ಉಸ್ತಾದರು, ನಂಗೆ ಬಣ್ಣ ಕಲಿಸೋ ಗುರುಗಳು, ಆ ಬಣ್ಣಕ್ಕೆ ಅಂತ ರೇಷ್ಮೆ ದಾರ ಹಂಡೆಗೆ ಇಳಿಸ್ತಾರೆ. ಇಳಿಸಿದ ಮೇಲೆ ಮುಗೀತು."

ಪ್ರಸನ್ನಕುಮಾರ "ಆಯ್ತು" ಎಂದು ಫೋನಿಟ್ಟ. ಅವನಿಗೆ ಹುಟ್ಟಿದಾಗಿನಿಂದ ಕೆಂಪು, ಹಸಿರು ಬೇರೆಯಾಗಿ ಕಾಣುತ್ತಿರಲಿಲ್ಲ. ಎರಡೂ ಒಂದೇ ತರಹ, ಆರಿದ ಹುರುಳಿ ಸಾರಿನ ಹಾಗೆ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿ ಸೇರಿದ ವರ್ಷ ಪೇಪರನ್ನೆಲ್ಲ ಹಸಿರು ಪೆನ್ನಿನಲ್ಲಿ ತಿದ್ದಿ, "ಯಾವಾಗ ಗೆಜೆಟೆಡ್ ಆಫೀಸರ್ ಆದ್ರಿ?" ಎಂದು ಹೆಡ್‌ಮಾಸ್ಟರರಿಂದ ಕೇಳಿಸಿಕೊಂಡಿದ್ದ. ಅದು ಹೋಗಲಿ. ಬಣ್ಣವನ್ನೇ ಉಸಿರಾಡುವ ಹೆಂಡತಿಯಿಂದ ಆರು ವರ್ಷ ಇದನ್ನು ಮುಚ್ಚಿಟ್ಟಿದ್ದ. ಅವಳು ಯಾವ ಬಟ್ಟೆ ಹರಡಿದರೂ "ಬಹಳ ಚೆನ್ನಾಗಿದೆ" ಅನ್ನುತ್ತಿದ್ದ. ಅದೇನೂ ಸುಳ್ಳಲ್ಲ. ಲಾವೋಸಿನ ಹಳ್ಳಿಯೊಂದರಲ್ಲಿ ಮಗ್ಗದ ಪಕ್ಕವೇ ಹನ್ನೆರಡು ದಿನ ಮಲಗಿ, ಬಣ್ಣ ಹತ್ತದಂತೆ ದಾರಕ್ಕೆ ಗಂಟು ಕಟ್ಟುವುದನ್ನು ಕಲಿತವಳು, ಜಪಾನಿನಲ್ಲಿ ಒಂದು ಮೊಳ ನೀಲಿ ಬಟ್ಟೆಗಾಗಿ ಮೂರು ಬಸ್ಸು ಬದಲಿಸಿದವಳು. ಅವಳು ನೇಯ್ದದ್ದೆಲ್ಲ ಅವನ ಕಣ್ಣಿಗೂ ಚೆನ್ನಾಗಿಯೇ ಕಾಣುತ್ತಿತ್ತು. ಬಣ್ಣ ಯಾವುದೆಂದು ಮಾತ್ರ ಕೇಳಬಾರದಿತ್ತು, ಅಷ್ಟೆ.

ಏನು ಮಾಡುವುದೆಂದು ತೋಚದೆ ಮಧ್ಯಾಹ್ನದವರೆಗೂ ಮನೆಯಲ್ಲೇ ಶತಪಥ ತಿರುಗಿ, ಕೊನೆಗೆ ಶೇಡ್ ಕಾರ್ಡ್ ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಮುಂದೆ ಎಳನೀರು ಮಾರುವ ಚಂದ್ರಯ್ಯನ ಹತ್ತಿರ ಹೋದ.

"ಚಂದ್ರಯ್ಯ, ಕೆಂಪು ಎಳನೀರು ಇದೆಯಾ?"

"ಕಣ್ಮುಂದೇನೇ ಐತಲ್ಲ ಸಾ. ಅದೊಂದೇ ಉಳ್ದಿರೋದು."

ಕಣ್ಣ ಮುಂದೆ ನಲವತ್ತಿದ್ದವು. ಪ್ರಸನ್ನಕುಮಾರ ಧೈರ್ಯವಾಗಿ ಒಂದನ್ನು ಎತ್ತಿದ. ಚಂದ್ರಯ್ಯ ಅವನನ್ನು ಒಂದು ಸಲ ನೋಡಿ, ಆ ಕಾಯಿ ಕಿತ್ತುಕೊಂಡು ಬೇರೆಯದನ್ನು ಕೈಗಿಟ್ಟ. "ತಮಾಸೆ ಮಾಡ್ಬ್ಯಾಡಿ ಸಾ, ಯಾಪಾರದ ಒತ್ತು."

ಕಾರ್ಡನ್ನು ಕಾಯಿಗೆ ಹಿಡಿದರೆ ಹತ್ತು ತುಣುಕಿನಲ್ಲಿ ಯಾವುದು ಕೆಂಪು, ಯಾವುದು ಹಸಿರು ತಿಳಿಯಲಿಲ್ಲ, ತಿಳಿ ಗಾಢ ಮಾತ್ರ ಬೇರೆ ಬೇರೆ ಕಂಡವು. ಪ್ರಸನ್ನಕುಮಾರ ಬೇರೆಲ್ಲೋ ನೋಡುತ್ತಾ, "ನಿಂಗೆ ಯಾವ್ದು ಅನ್ಸುತ್ತೆ?" ಎಂದು ಕೇಳಿದ.

"ನೂರಾ ಹದಿನೆಂಟು," ಎಂದ ಚಂದ್ರಯ್ಯ.

"ಏನು ಹದಿನೆಂಟು?" ಎಂದು ಹಿಂದಿನಿಂದ ದನಿ ಬಂತು. ಪಕ್ಕದ ಮನೆಯ ಸರಸಮ್ಮ. ಸೊಪ್ಪಿನ ಚೀಲ ಕೆಳಗಿಟ್ಟು, ವಿಷಯ ಕೇಳಿ, ಕಾರ್ಡು ಕಸಿದುಕೊಂಡರು. "ಇದಾ ಹದಿನೆಂಟು? ಇಪ್ಪತ್ತೊಂದು ಕಣ್ರೀ ಮೇಷ್ಟ್ರೇ. ಆ ಮಗು ಅಷ್ಟು ದೂರ ಹೋಗಿ ಕಷ್ಟಪಡ್ತಾ ಐತೆ, ನೀವಿಲ್ಲಿ ಎಳನೀರಿನೋನ ಮಾತು ಕೇಳ್ತೀರಲ್ಲ! ಬನ್ನಿ, ನಾಗೇಶನ ಅಂಗಡಿಗೆ."

ನಾಗೇಶನದು ಎದುರಿಗೇ ಇದ್ದ ಮ್ಯಾಚಿಂಗ್ ಸೆಂಟರ್. ಎಂಥ ಸೀರೆಗೂ ಕಣ್ಣು ಮುಚ್ಚಿ ಬ್ಲೌಸ್ ಪೀಸ್ ತೆಗೆಯುತ್ತೇನೆಂಬುದು ಅವನ ಹೆಮ್ಮೆ. ಅವನು ಎಳನೀರನ್ನು ಮಗುವಿನ ಹಾಗೆ ಎತ್ತಿ ಬಿಸಿಲಿಗೆ ತಂದ. "ನೂರಾ ಹದಿನಾರು! ಅನುಮಾನ ಇದ್ರೆ ಅಲ್ನೋಡಿ, ದಂಡಿಗನಹಳ್ಳಿ ಬಸ್ಸಿಗೆ ಕಾಯ್ತಾ ಕೆಂಪು ಸೀರೆಯೋರು ನಿಂತವ್ರಲ್ಲ, ಅದರ ಅಂಚು ಇದೇ ಬಣ್ಣ. ನಮ್ಮಂಗಡೀದೇ. ಹೋಗಿ ಕಾರ್ಡ್ ಹಿಡ್ದು ನೋಡ್ಕೊಂಡ್ ಬನ್ನಿ."

ಅಲ್ಲಿ ಮೂವರು ಹೆಂಗಸರು ನಿಂತಿದ್ದರು. ಮೂವರದ್ದೂ ಪ್ರಸನ್ನಕುಮಾರನಿಗೆ ಒಂದೇ ಸೀರೆ. ಮೂರಕ್ಕೊಂದು ಎಂದು ಲೆಕ್ಕ ಹಾಕಿ, ನಡುವಿನವರ ಬೆನ್ನ ಹಿಂದೆ ನಿಂತು, ಮೆಲ್ಲಗೆ ಸೆರಗಿನಂಚಿಗೆ ಕಾರ್ಡು ಹಿಡಿದ.

"ಅದಲ್ಲ ಸಾರ್! ಅದು ಹಸಿರು!" ಎಂದು ನಾಗೇಶ ಅಂಗಡಿಯಿಂದಲೇ ಕೂಗಿದ.

ಆಕೆ ಸರಕ್ಕನೆ ತಿರುಗಿದಳು. "ಯಾಕ್ಲಾ, ಸೆರಗಿಗೆ ಕೈ ಆಕ್ತೀಯಾ?" ಎಂದು ಎತ್ತಿದ ಕೈ ಅರ್ಧದಲ್ಲೇ ನಿಂತಿತು. "ಅಯ್ಯೋ, ನಮ್ಮ ಮನೂಗೆ ಲೆಕ್ಕ ಯೋಳ್ಕೊಡೋ ಮೇಷ್ಟ್ರಲ್ವಾ ನೀವು? ನೀವೇ ಇಂಗೆ ಮಾಡುದ್ರೆ!"

ಅದು ಅವನ ವಿದ್ಯಾರ್ಥಿಯ ತಾಯಿ, ದಂಡಿಗನಹಳ್ಳಿಯ ಮಲ್ಲಿಗಮ್ಮ. ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ಸುತ್ತ ನೆರೆಯಿತು. "ಒಳ್ಳೇರು ಅಂದ್ಕೊಂಡಿದ್ದೆ" ಎಂದು ಯಾರೋ ಅಂದರು. "ಹೆಂಡ್ತಿ ಫಾರಿನ್ನಲ್ಲವ್ರೆ" ಎಂದು ಇನ್ಯಾರೋ ಕಾರಣ ಕೊಟ್ಟರು. ಯಶಸ್ವಿನಿಯ ಹೆಸರಿಗೂ ಮಾತು ಬರುವುದನ್ನು ನೋಡಿ ಪ್ರಸನ್ನಕುಮಾರ ತಡೆಯಲಾರದೆ ಹೋದ.

"ನನಗೆ ಕೆಂಪು, ಹಸಿರು ಗೊತ್ತಾಗಲ್ಲ ಕಣಮ್ಮಾ! ಹುಟ್ಟಿದಾಗಿಂದ ಗೊತ್ತಾಗಲ್ಲ!" ಎಂದು ಕೂಗಿಬಿಟ್ಟ.

ಹೊರಡಬೇಕಿದ್ದ ಹಾಸನದ ಬಸ್ಸಿನ ಡ್ರೈವರು ಇಂಜಿನ್ ಆರಿಸಿ ತಲೆ ಹೊರಗೆ ಹಾಕಿದ. ಪ್ರಸನ್ನಕುಮಾರ ಎಲ್ಲವನ್ನೂ ಹೇಳಿದ. ಹೆಂಡತಿ, ಹಂಡೆ, ಉಸ್ತಾದರು, ನಾಲ್ಕು ಗಂಟೆ. ಕೊನೆಗೆ, "ಅವಳ ಮೂರು ವಾರದ ಶ್ರಮ ನನ್ನಿಂದ ಹಾಳಾಗಬಾರದು," ಎಂದಾಗ ದನಿ ನಡುಗಿತು.

ಮೊದಲು ಕಣ್ಣೊರೆಸಿಕೊಂಡವಳು ಮಲ್ಲಿಗಮ್ಮನೇ. "ಅಳ್ಬ್ಯಾಡಿ ಸಾ. ಕಣ್ಣಿರೋರು ಇಷ್ಟ್ ಜನ ಇಲ್ವಾ ನಾವು?"

ಕಾರ್ಡು, ಕಾಯಿ ಎರಡೂ ಕೈಯಿಂದ ಕೈಗೆ ಹೋದವು. ಹೂವಿನವರು, ಕಂಡಕ್ಟರರು, ಕಾಯಿ ವ್ಯಾಪಾರಕ್ಕೆ ಬಂದ ರೈತರು, ಎಲ್ಲರೂ ನೋಡಿದರು. ನಾಗೇಶನಿಗೂ ಸರಸಮ್ಮನಿಗೂ ಜಗಳವಾಗಿ ರಾಜಿಯಾಯಿತು. ಮೂರೂವರೆಗೆ ಕೈ ಎತ್ತಿಸಿ ಎಣಿಸಿದಾಗ ನೂರಾ ಹತ್ತೊಂಬತ್ತು ಗೆದ್ದಿತು. ಪ್ರಸನ್ನಕುಮಾರ ನಂಬರು ಕಳಿಸಿದ. ಆ ಖುಷಿಗೆ ಚಂದ್ರಯ್ಯ ಕಾಯಿಯ ತಲೆ ಹಾರಿಸಿ, "ಕುಡೀರಿ ಸಾ, ಕಣ್ಣಿಗೆ ತಂಪು" ಎಂದ. ಕುಡಿದ ಮೇಲೆ ಗಂಜಿಗೆಂದು ಎರಡು ಹೋಳು ಮಾಡಿದ. ಹೋಳುಗಳನ್ನು ಪಕ್ಕದಲ್ಲಿದ್ದ ಹಸು ಎಳೆದುಕೊಂಡಿತು.

ಫೋನು ಬಂದಿತು. ಎಲ್ಲರಿಗೂ ಕೇಳಲೆಂದು ಸರಸಮ್ಮ ಸ್ಪೀಕರ್ ಒತ್ತಿದರು.

"ರೀ, ನೂರಾ ಹತ್ತೊಂಬತ್ತು ಅಂತ ಹೇಳಿದ್ದು ಯಾರು?"

"ನಾನೇ."

"ನೀವಲ್ಲ. ನಾನು ನೋಡಿದ್ರೂ ಹತ್ತೊಂಬತ್ತೇ ಅಂತಿದ್ದೆ. ಅದನ್ನ ಕೇಳೋಕೆ ಉಜ್ಬೆಕಿಸ್ತಾನದಿಂದ ಫೋನ್ ಮಾಡ್ಬೇಕಿತ್ತಾ? ನಿಮಗೆ ಕೆಂಪು, ಹಸಿರು ಬೇರೆ ಕಾಣಲ್ಲ ಅಂತಲೇ ನಿಮ್ಮನ್ನ ಕೇಳಿದ್ದು."

ಪ್ರಸನ್ನಕುಮಾರ ಫೋನಿನತ್ತ ಬಗ್ಗಿದ. "ನಿಂಗೆ ಗೊತ್ತಿತ್ತಾ?"

"ಹೆಣ್ಣು ನೋಡೋಕೆ ಬಂದಾಗ ಕಡುಹಸಿರು ಸೀರೆ ಉಟ್ಟಿದ್ದೆ. ಕೆಂಪು ನಿಮಗೆ ಒಪ್ಪುತ್ತೆ ಅಂದ್ರಿ. ಬೆವರು ಸುರಿಸ್ಕೊಂಡು ಒಂದು ಒಳ್ಳೆ ಮಾತು ಹೇಳೋಕೆ ನೋಡಿದ್ರಲ್ಲ, ಅದಕ್ಕೇ ಒಪ್ಕೊಂಡೆ." ಯಶಸ್ವಿನಿ ನಕ್ಕಳು. "ಬಣ್ಣಕ್ಕೆ ನಮ್ಮ ಕಣ್ಣೆಲ್ಲ ಮೋಸ ಹೋಗುತ್ತೆ ರೀ. ನಿಮ್ಮದು ಹೋಗಲ್ಲ. ಎಷ್ಟು ತಿಳಿ, ಎಷ್ಟು ಗಾಢ ಅನ್ನೋದು ನಿಮಗೆ ಕಾಣೋ ಹಾಗೆ ಯಾರಿಗೂ ಕಾಣಲ್ಲ. ಆರು ವರ್ಷದಿಂದ ಒಂದೊಂದು ಬಟ್ಟೇನೂ ನಿಮ್ಮ ಮುಂದೆ ಹರಡಿ, ನಿಮ್ಮ ಕಣ್ಣು ಎಲ್ಲಿ ಎಡವುತ್ತೆ ನೋಡಿ ತಿದ್ದಿದ್ದೀನಿ. ಉಸ್ತಾದರು ನಾಳೆ ಬೆಳಿಗ್ಗೆವರೆಗೂ ಕಾಯ್ತಾರಂತೆ. ಯಾರನ್ನೂ ಕೇಳದೆ ನೀವೊಬ್ರೇ ನೋಡಿ ಹೇಳಿ, ಆಯ್ತಾ?"

ಫೋನು ಕಟ್ಟಾಯಿತು. ಆರು ವರ್ಷ ಹೆಂಡತಿಯೊಬ್ಬಳಿಂದ ಮುಚ್ಚಿಟ್ಟಿದ್ದ ಗುಟ್ಟು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ ಊರಿಗೆಲ್ಲ ಅವನೇ ಕೂಗಿ ಹೇಳಿಯಾಗಿತ್ತು. ಪ್ರಸನ್ನಕುಮಾರ ಎಳನೀರಿನ ಗಾಡಿಯತ್ತ ತಿರುಗಿದ. ಕೆಂಪು ಕಾಯಿ ಇನ್ನೊಂದಿಲ್ಲವೆಂದು ಚಂದ್ರಯ್ಯ ಕೈ ಆಡಿಸಿದ. ಹಸು ಕೊನೆಯ ಸಿಪ್ಪೆ ಅಗಿಯುತ್ತಿತ್ತು.

ಆಗ ದಂಡಿಗನಹಳ್ಳಿ ಬಸ್ಸು ಬಂದು ನಿಂತಿತು. ಮಲ್ಲಿಗಮ್ಮ ಮೊದಲು ಹತ್ತಿ, ಪಕ್ಕದ ಸೀಟಿಗೆ ಚೀಲ ಇಟ್ಟು ಕಿಟಕಿಯಿಂದ ಕರೆದಳು.

"ಬನ್ನಿ ಸಾ, ನಮ್ ತ್ವಾಟದಾಗೇ ಕೆಂದೆಂಗೈತೆ. ಬೆಳಕು ಓಗೋ ಮುಂಚೆ ಕಿತ್ಕೊಡ್ತೀನಿ. ಆದ್ರೆ ಸಾ, ನಂಬರ್ ಮಾತ್ರ ನಾನೇ ಯೋಳೋದು!"

ಪ್ರಸನ್ನಕುಮಾರ ಬಾಯಿ ತೆರೆಯುವಷ್ಟರಲ್ಲಿ ಸರಸಮ್ಮ, ನಾಗೇಶ, ಚಂದ್ರಯ್ಯ ಮೂವರೂ ಅವನನ್ನು ತಳ್ಳಿಕೊಂಡು ಬಸ್ಸು ಹತ್ತಿದ್ದರು.