ಜಡೆಗೆ ಹಾಕಿದ ಹೊಲಿಗೆ

ಜಡೆ ಹೆಣೆಯುವುದೇನು ಮಹಾ ವಿದ್ಯೆ! ಇಂಡಿ ಊರಿನ ಪೇಟೆಯಲ್ಲಿ ಹನ್ನೆರಡು ವರ್ಷ ಹೊಲಿಗೆ ಮಷೀನು ತುಳಿದವನು ನಾನು. ಮಾಮಲೇದಾರರ ಕೋಟನ್ನೇ ಹೊಲಿದ ಕೈ ಇದು. ಮೂರು ಎಳೆ ಕೂದಲು ನನಗೆ ಯಾವ ಲೆಕ್ಕ ಎಂದುಕೊಂಡಿದ್ದೆ.

ಪಂಚರ ಮುಂದೆ ಸೋಡಚೀಟಿ ಬರೆದು ನಾನೂ ಹೆಂಡತಿ ನೀಲವ್ವನೂ ಬೇರೆಯಾಗಿ ಎರಡು ವರ್ಷವಾಗಿತ್ತು. ಆಕೆ ತಾಂಬಾದ ತವರಿನಲ್ಲಿದ್ದಳು. ಏಳು ವರ್ಷದ ಮಗಳು ಕಸ್ತೂರಿ ತಾಯಿಯ ಹತ್ತಿರವಿದ್ದು, ರವಿವಾರಕ್ಕೊಮ್ಮೆ ನನ್ನಲ್ಲಿಗೆ ಬಂದು ಸೋಮವಾರ ಮರಳುತ್ತಿದ್ದಳು. ನಾವಿಬ್ಬರೂ ಮಾತು ಬಿಟ್ಟವರು. ಎದುರೆದುರು ನಿಂತರೂ ಸರಕಾರಿ ಕಾಗದಪತ್ರದ ಹಾಗೆ ಎಲ್ಲವೂ ಮಗಳ ಮುಖಾಂತರವೇ ಹೋಗಬೇಕು. ಕಳೆದ ಸಲ ಮಗಳ ಕೆದರಿದ ತಲೆ ನೋಡಿ ನೀಲವ್ವ ಫರ್ಮಾನು ಹೊರಡಿಸಿದಳು:

"ಕಸ್ತೂರಿ, ನಿಮ್ಮಪ್ಪಗ ಹೇಳು. ಇನ್ನೊಮ್ಮೆ ನಿನ್ನ ಹಿಂಗ ಹುಚ್ಚರಗತೆ ಕಳಿಸಿದ್ರ ಪಂಚಮಿಗೆ ಕಳಸೂದಿಲ್ಲ!"

ಎರಡು ವರ್ಷದಿಂದ ಪಂಚಮಿಗೆ ಮಗಳು ನನ್ನ ಮನೆಯಲ್ಲಿ ಜೋಕಾಲಿ ಆಡಿರಲಿಲ್ಲ. ಈ ಸಲವಾದರೂ ಬರುತ್ತಾಳೆಂದು ಹಿತ್ತಲಿನ ಬೇವಿನ ಗಿಡಕ್ಕೆ ಆಗಲೇ ಹಗ್ಗ ಕಟ್ಟಿಬಿಟ್ಟಿದ್ದೆ.

ಮುಂದಿನ ಸೋಮವಾರ ಬೆಳಿಗ್ಗೆ ಮಗಳನ್ನು ಎದುರಿಗೆ ಕೂಡಿಸಿಕೊಂಡೆ. ತಾಂಬಾದ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಕೂದಲು ಮಾತು ಕೇಳಲೆಂದು ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಸುರಿದೆ. ಎರಡು ಜಡೆ ಹೇಗೋ ಆದವು, ಆದರೆ ಆ ಎಣ್ಣೆಗೆ ರಿಬ್ಬನ್ನು ನಿಲ್ಲಬೇಕಲ್ಲ! ಕಟ್ಟಿದಷ್ಟೂ ಜಾರಿತು. ಕಡೆಗೆ ನನ್ನೊಳಗಿನ ದರ್ಜಿ ಎಚ್ಚೆತ್ತ. ಕೋಟಿನ ಗುಂಡಿ ಹಚ್ಚುವ ದಪ್ಪ ದಾರ ತೆಗೆದು ರಿಬ್ಬನ್ನನ್ನು ಜಡೆಗೇ ಹೊಲಿದುಬಿಟ್ಟೆ. ಭಲೇ!

"ಅಪ್ಪಾ, ತಲಿ ಬಗ್ಗಸಾಕ ಬರವಲ್ದು" ಎಂದಳು ಕಸ್ತೂರಿ.

ನೋಡುತ್ತೇನೆ, ಎಡಜಡೆಯ ಜೊತೆ ಅವಳು ತೊಟ್ಟಿದ್ದ ಪೋಲಕದ ಬೆನ್ನನ್ನೂ ಸೇರಿಸಿ ಹೊಲಿದಿದ್ದೆ!

ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಗಾಬರಿಯಲ್ಲಿ ಕತ್ತರಿ ಹಾಕಿದೆ. ದಾರ ಅಲ್ಲೇ ಉಳಿಯಿತು. ಜಡೆ ಕೈಗೆ ಬಂತು!

ಪಕ್ಕದ ಮನೆಯ ಹಸೀನಾಬಿ ಇಣುಕಿ ನೋಡಿ ಎದೆ ಹಿಡಿದುಕೊಂಡಳು. "ಯಾ ಅಲ್ಲಾ! ಏನ್ ಮಾಡಾಕತ್ತೀರಿ ಮಾಸ್ತರ?"

"ಏನಿಲ್ರಿ, ಅಳತಿ ಸರಿ ಮಾಡಾಕತ್ತೇನಿ" ಎಂದೆ.

ಎಡಕ್ಕೆ ಸರಿಹೊಂದಲೆಂದು ಬಲಜಡೆ ಕತ್ತರಿಸಿದೆ. ಬಲಗಡೆ ಒಂದು ಬೆರಳು ಗಿಡ್ಡವಾಯಿತು. ಎಡಗಡೆ ಕತ್ತರಿಸಿದೆ. ಅದು ಮತ್ತೂ ಗಿಡ್ಡವಾಯಿತು. ಹೀಗೆ ನ್ಯಾಯ ಮಾಡುತ್ತ ಮಾಡುತ್ತ ಕಿವಿಯ ಮೇಲಕ್ಕೆ ಬಂದು ನಿಂತೆ. ಕೊನೆಗೆ ಕೂಸುಗಳಿಗೆ ಹೊಲಿದಿಟ್ಟಿದ್ದ ಒಂದು ಕುಂಚಿಗೆಯನ್ನು ಅವಳ ತಲೆಗೆ ತುರುಕಿ ಬಸ್ಸಿಗೆ ಓಡಿದೆ.

ತಾಂಬಾದಲ್ಲಿ ನೀಲವ್ವ ಕುಂಚಿಗೆ ತೆಗೆದಳು. ಮಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಪಂಚಮಿ ಹೋಯಿತು, ಜೋಕಾಲಿ ಹೋಯಿತು ಎಂದು ಅಳುವೇ ಬಂತು.

"ಕಸ್ತೂರಿ, ನಿಮ್ಮವ್ವಗ ಹೇಳು, ತಪ್ಪಾತು ಅಂತ..."

ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ತಡೆಯಲಾಗದೆ ಕಟ್ಟೆಯ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಆಮೇಲೆ, ಎರಡು ವರ್ಷದಲ್ಲಿ ಮೊದಲ ಸಲ, ಮಗಳನ್ನು ಬದಿಗಿಟ್ಟು ನೇರ ನನ್ನ ಮುಖ ನೋಡಿಯೇ ಮಾತಾಡಿದಳು.

"ಪಂಚಮಿಗೆ ಕರ್ಕೊಂಡ ಹೋಗ್ರಿ. ಇನ್ನ ಕೆಡಸಾಕ ಏನ್ ಉಳದೈತಿ?"

"ಏನೂ ಉಳದಿಲ್ರೀ!" ಎಂದೆ, ಬಲು ಹೆಮ್ಮೆಯಿಂದ.